ಉಬ್ಬಿದ ಸ್ಯಾಂಪಲ್ಲು

ಅವತ್ತು ನಮ್ಮ ಕಾರನ್ನು ನಿಲ್ಲಿಸಿದ್ದು ನಾನಲ್ಲ, ಬಳ್ಳಾರಿ ಜಾಲಿ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟಿದ್ದೆವು. ಮುಂದೆ ನಾನು, ಪಕ್ಕದಲ್ಲಿ ಹೆಂಡತಿ. ಹಿಂದಿನ ಸೀಟಿನ ನಟ್ಟನಡುವೆ ನಮ್ಮತ್ತೆ, ಅವರ ತೊಡೆಯ ಮೇಲೆ ಬೀಗರ ಮನೆಗೆಂದು ತುಂಬಿದ ಶೇಂಗಾ ಹೋಳಿಗೆಯ ಡಬ್ಬಿ. ಒಂದು ಕೆರೆ ಏರಿಯಿಂದ ಇಳಿಯುವಾಗ ಎದುರಿಗೆ ಕುರಿಹಿಂಡು ಬಂತು. ಬ್ರೇಕ್ ಒತ್ತಿದೆ. ಪೆಡಲು ಬೆಣ್ಣೆಯೊಳಗೆ ಬೆರಳು ಇಳಿದಷ್ಟು ಸಲೀಸಾಗಿ ಇಳಿದು ನೆಲ ಮುಟ್ಟಿತು. ಬಿಟ್ಟು ಮತ್ತೆ ಒತ್ತಿದೆ, ಮತ್ತೆ ನೆಲ. ಗೇರ್ ಇಳಿಸಿದೆ, ಹ್ಯಾಂಡ್ ಬ್ರೇಕ್ ಜಗ್ಗಿದೆ, ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಗಾಡಿ ರಸ್ತೆ ಬಿಟ್ಟು, ಚರಂಡಿ ಹಾರಿ, ಜಾಲಿ ಪೊದೆಯೊಳಗೆ ಮುಖವಿಟ್ಟು ನಿಂತಿತು. ಧೂಳು ಇಳಿದ ಮೇಲೆ ಕುರಿ ಕಾಯುವ ಹುಡುಗ ಕಿಟಕಿಯ ಹತ್ತಿರ ಬಂದು ಕೇಳಿದ: "ಯಾಕ್ರಿ ಯಜ್ಜಾ, ಕಾರನ್ನೂ ಮೇಯಾಕ ಬಿಟ್ಟೀರೇನು?"

ಹೋಳಿಗೆ ಒಂದೂ ಮುರಿದಿರಲಿಲ್ಲ. ಅತ್ತೆ ಡಬ್ಬಿಯನ್ನು ಹಿಡಿದುಕೊಂಡ ಹಿಡಿತದಲ್ಲಿ ಹತ್ತರಲ್ಲೊಂದು ಪಾಲು ನನ್ನ ಬ್ರೇಕಿಗೆ ಇದ್ದಿದ್ದರೆ ಸಾಕಿತ್ತು.

ಈ ಜಾಲಿಯನ್ನು ನಾನು ಬದುಕಿನುದ್ದಕ್ಕೂ ಬೈದವನು. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಗಿಡ. 19ನೇ ಶತಮಾನದಲ್ಲಿ ಇಂಡಿಯಾಕ್ಕೆ ಬಂದು, ಬರಗಾಲದ ನೆಲ ಕಂಡಲ್ಲೆಲ್ಲ ಬೇರು ಬಿಟ್ಟಿತು. ಕನ್ನಡಿಗರು ಅದಕ್ಕೆ ಇಟ್ಟ ಹೆಸರು ಮಾತ್ರ ಬಳ್ಳಾರಿ ಜಾಲಿ. 2021ರಲ್ಲಿ ನಮ್ಮನ್ನೆಲ್ಲ ಬಳ್ಳಾರಿಯಿಂದ ಬಿಡಿಸಿ ವಿಜಯನಗರ ಜಿಲ್ಲೆ ಮಾಡಿದರು. ಬೋರ್ಡು ಬದಲಾದವು, ರಬ್ಬರ್ ಸ್ಟಾಂಪು ಬದಲಾದವು. ಜಾಲಿ ಮಾತ್ರ ಇನ್ನೂ ಬಳ್ಳಾರಿಯದೇ. ಯಾವ ಕಚೇರಿಯವರೂ ಅದರ ಮುಳ್ಳಿಗೆ ಕೈ ಹಾಕಿಲ್ಲ.

ಕಾರಿನ ವಿಷಯ ಹೇಳಬೇಕು. 1984ರ ಅಂಬಾಸಿಡರ್, ಮಾರ್ಕ್ 4. ಶೇಂಗಾಕ್ಕೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಕಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಹುಟ್ಟಿದ ಗಾಡಿ. ಅಲ್ಲಿಯ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ನಮ್ಮದಕ್ಕೆ ಈ ಸುದ್ದಿ ತಲುಪಿಲ್ಲವೇನೋ, ಇನ್ನೂ ಓಡುತ್ತಿದೆ. ಗೇರ್ ಸ್ಟೇರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ನಮ್ಮ ಪಡಸಾಲೆಯ ಮಂಚದಷ್ಟು ಉದ್ದ. ದಾರಿಯಲ್ಲಿ ನಿಲ್ಲಿಸಿದರೆ ಜನ ಸುತ್ತುಗಟ್ಟಿ ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟನೇ ಇಸವಿದು, ಎಷ್ಟು ಕೊಡ್ತೈತಿ, ಕೊಡ್ತೀರೇನು. ಮೂವತ್ತು ವರ್ಷದಲ್ಲಿ ಒಬ್ಬನೂ "ನಿಲ್ತೈತೇನ್ರಿ?" ಎಂದು ಕೇಳಿದ್ದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಜಾಲಿಯಿಂದ ಎಳೆಸಿಕೊಂಡು ಕೂಡ್ಲಿಗಿಗೇ ವಾಪಸಾದೆವು. ಮೇಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಅವನು ಅದೇ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದು ಗ್ಯಾರೇಜ್ ಸೇರಿದವನು. ಗಾಡಿಯ ಕೆಳಗೆ ಹೋಗಿ ನಾಲ್ಕೂ ಗಾಲಿಯ ಒಳಮೈ ಸವರಿದ. ಕೈ ಒಣಗಿತ್ತು. ಪೈಪಿನ ಉದ್ದಕ್ಕೂ ಬ್ಯಾಟರಿ ಬಿಟ್ಟು ನೋಡಿದ. ಎಲ್ಲೂ ಸೋರಿಕೆಯಿಲ್ಲ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿದಿಲ್ಲ. ಪೆಡಲನ್ನು ಒತ್ತಿ ಹಿಡಿದ, ಅದು ನಿದ್ದೆ ಬಂದ ಕೂಸಿನ ತಲೆಯ ಹಾಗೆ ಮೆಲ್ಲಗೆ ವಾಲುತ್ತಾ ನೆಲ ಸೇರಿತು.

"ಸಾರ್, ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು ಅಂತಾರಲ್ಲ, ಇದು ಉಜ್ಜಿನಿ ಕೇಸು," ಅಂದ.

ನಮ್ಮ ಕಡೆಯ ಈ ಗಾದೆ ಗೊತ್ತಿಲ್ಲದವರಿಗಾಗಿ: ಹಂಪಿಯ ಚಂದ ಹೊರಗೆ ಹರಡಿದೆ, ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಚಂದ ಒಳಗಿನ ಕೆತ್ತನೆಯಲ್ಲಿದೆ. ಉಜ್ಜಿನಿಯನ್ನು ಹೊರಗಿನಿಂದ ನೋಡಿ ಹೋದವನು ಏನೂ ನೋಡಲಿಲ್ಲ ಎಂದೇ ಲೆಕ್ಕ. ಬ್ರೇಕಿನದೂ ಹಾಗೆಯೇ. ಹೊರಗೆ ಸೋರಿದರೆ ನೆಲ ಒದ್ದೆಯಾಗುತ್ತದೆ, ದಡ್ಡನಿಗೂ ಕಾಣುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗೆ ಒಂದು ರಬ್ಬರ್ ಕಪ್ಪು ಇರುತ್ತದೆ. ಆಯಿಲನ್ನು ಮುಂದಕ್ಕೆ ನೂಕುವುದು ಅದೇ. ಅದು ಕೆಟ್ಟರೆ ಆಯಿಲ್ ಮುಂದೆ ಹೋಗುವ ಬದಲು ಕಪ್ಪಿನ ಅಂಚಿನಿಂದ ನುಸುಳಿ ಹಿಂದಕ್ಕೆ ಬರುತ್ತದೆ. ಹೊರಗೆ ಒಂದು ಹನಿ ಬೀಳುವುದಿಲ್ಲ. ಪೆಡಲು ಮಾತ್ರ ಇಳಿಯುತ್ತಲೇ ಇರುತ್ತದೆ.

"ನಾಕು ದಿನದಿಂದ ಗಾಡಿ ಹಿಡೀತಿತ್ತೇನ್ರಿ? ಗಾಲಿ ಬಿಸಿ ಆಗ್ತಿದ್ದುವಾ?"

ಹೌದು, ಗಾಡಿ ಏನೋ ಭಾರವಾಗಿ ಎಳೆಯುತ್ತಿತ್ತು. ಇಳಿದಾಗ ಗಾಲಿಯ ಹತ್ತಿರ ಸುಟ್ಟ ವಾಸನೆ ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆ. ಕಾರಿಗೋ ನನಗೋ ಎಂದು ವಿಚಾರ ಮಾಡಿರಲಿಲ್ಲ.

ಮೇಸ್ತ್ರಿ ಏನೂ ಹೇಳದೆ ಹುಡುಗನ ಕೈಲಿ ಒಂದು ಗಾಜಿನ ಲೋಟ ತರಿಸಿದ. ಚಹ ಕುಡಿದಿಟ್ಟ ಲೋಟ, ತಳದಲ್ಲಿ ಸೊಪ್ಪಿನ ಚೂರು. ತೊಳೆದು ಅರ್ಧ ನೀರು ತುಂಬಿದ. ಬ್ರೇಕ್ ಆಯಿಲಿನ ಡಬ್ಬಿಯೊಳಗೆ ಸ್ಕ್ರೂಡ್ರೈವರ್ ಅದ್ದಿ ನಾಲ್ಕು ಹನಿ ಲೋಟಕ್ಕೆ ಬಿಟ್ಟು ಬೆರಳಲ್ಲಿ ಕಲಕಿದ. ಬರೀ ಬ್ರೇಕ್ ಆಯಿಲ್ ಆಗಿದ್ದರೆ ಅದು ನೀರಿನಲ್ಲಿ ಕರಗಿ ಕಾಣದಂತಾಗಬೇಕು. ಸ್ವಲ್ಪ ಕರಗಿತು. ಉಳಿದದ್ದು ಸಣ್ಣ ಸಣ್ಣ ಕಣ್ಣು ಬಿಟ್ಟುಕೊಂಡು, ಸಾರಿನ ಮೇಲಿನ ಒಗ್ಗರಣೆಯ ಹಾಗೆ ಮೇಲೆ ತೇಲಿತು. ಆ ಕಣ್ಣುಗಳೆಲ್ಲ ನನ್ನನ್ನೇ ನೋಡುತ್ತಿದ್ದವು.

"ಸಾರ್, ಇದಕ್ಕ ಏನ್ ಹಾಕೀರಿ?"

ಹಾಕಿದ್ದೆ. ಮಟ್ಟ ಒಂದು ಬೆರಳು ಕಡಿಮೆಯಾಗಿತ್ತೆಂದು, ಶೆಡ್ಡಿನಲ್ಲಿ ಮುಚ್ಚಳ ಕಳೆದುಕೊಂಡು ನಿಂತಿದ್ದ ಇಂಜಿನ್ ಆಯಿಲಿನ ಬಾಟ್ಲಿಯಿಂದ ಒಂದಿಷ್ಟು ಸುರಿದಿದ್ದೆ. ಬ್ರೇಕ್ ಆಯಿಲ್ಲೂ ಆಯಿಲ್ಲೇ ಅಲ್ಲವೇ? ಇಪ್ಪತ್ತೆಂಟು ವರ್ಷ ಒಂಬತ್ತನೇ ಕ್ಲಾಸಿಗೆ ಪಾಸ್ಕಲನ ನಿಯಮ ಹೇಳಿದವನು ನಾನು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹಂಚಿಹೋಗುತ್ತದೆ. ಉದಾಹರಣೆ: ವಾಹನಗಳ ಬ್ರೇಕು. ಬೋರ್ಡಿನ ಮೇಲೆ ಚಿತ್ರವನ್ನೂ ಬಿಡಿಸುತ್ತಿದ್ದೆ. ಪಾಸ್ಕಲ್ 17ನೇ ಶತಮಾನದವನು, ಪಾಪ, ಯಾವ ದ್ರವ ಎಂದು ಹೇಳಿ ಹೋಗಲಿಲ್ಲ. ನಾನೂ ಯಾವ ಮಕ್ಕಳಿಗೂ ಹೇಳಲಿಲ್ಲ.

ತಪ್ಪು ಪೂರ್ತಿ ನನ್ನದಲ್ಲ, ಹೆಸರಿನದೂ ಇದೆ. ಬ್ರೇಕ್ ಆಯಿಲ್ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಅದಕ್ಕೇ ಹೊಂದುವ ರಬ್ಬರಿನಿಂದ ಕಪ್ಪು ಮಾಡಿರುತ್ತಾರೆ. ನೆಲದಿಂದ ತೆಗೆದ ಇಂಜಿನ್ ಆಯಿಲ್ ಸೋಕಿದರೆ ಆ ರಬ್ಬರು ಉಬ್ಬುತ್ತದೆ. ಮೊದಲು ಉಬ್ಬಿ, ಆಯಿಲ್ ಹಿಂದಿರುಗುವ ಸಣ್ಣ ತೂತನ್ನು ಮುಚ್ಚುತ್ತದೆ. ಆಗ ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಗಾಲಿ ಕಾಯುತ್ತದೆ. ಆಮೇಲೆ ಮೆತ್ತಗಾಗಿ, ಅಂಚು ಹರಿದು, ಬಿಟ್ಟದ್ದು ಹಿಡಿಯುವುದಿಲ್ಲ. ಒಂದು ಕಾಲಕ್ಕೆ ಬ್ರೇಕಿಗೆ ನಿಜವಾಗಿ ಎಣ್ಣೆಯನ್ನೇ ಹಾಕುತ್ತಿದ್ದರು, ಅದೂ ಔಡಲೆಣ್ಣೆ. ಹೈಡ್ರಾಲಿಕ್ ಬ್ರೇಕಿನ ಮೊದಲ ದಿನಗಳಲ್ಲಿ ಔಡಲೆಣ್ಣೆಗೆ ಆಲ್ಕೊಹಾಲ್ ಬೆರೆಸಿ ತುಂಬುತ್ತಿದ್ದರಂತೆ. ಮಗುವಿನ ಹೊಟ್ಟೆಗೂ ಎತ್ತಿನಗಾಡಿಯ ಅಚ್ಚಿಗೂ ನಮ್ಮಜ್ಜಿ ಒಂದೇ ಬಾಟ್ಲಿಯಿಂದ ಔಡಲೆಣ್ಣೆ ಬಳಸುತ್ತಿದ್ದಳು. ಅವಳ ಕಾಲದಲ್ಲಿ ಈ ಕಾರಿದ್ದಿದ್ದರೆ ಬ್ರೇಕಿಗೂ ಅದನ್ನೇ ಬಿಟ್ಟು ಬಚಾವಾಗುತ್ತಿದ್ದಳೇನೋ. ಉಜ್ಜಿನಿಯಲ್ಲಿ ಜಾತ್ರೆಯ ಹೊತ್ತಿಗೆ ಗುಡಿಯ ಶಿಖರದ ಮೇಲಿಂದಲೇ ಕೊಡಗಟ್ಟಲೆ ಎಣ್ಣೆ ಸುರಿಯುತ್ತಾರೆ. ಕಲ್ಲು ಉಬ್ಬುವುದಿಲ್ಲ. ಎಣ್ಣೆ ಕಂಡಲ್ಲಿ ಸುರಿಯುವುದು ನಮ್ಮ ಸೀಮೆಯ ಸಂಸ್ಕಾರ ಎಂದು ಹೆಂಡತಿಯ ಮುಂದೆ ವಾದಿಸಿ ನೋಡಿದೆ, ನಡೆಯಲಿಲ್ಲ.

ಮೇಸ್ತ್ರಿ ಸಿಲಿಂಡರ್ ಬಿಚ್ಚಿ ಕಪ್ಪನ್ನು ಅಂಗೈಯ ಮೇಲಿಟ್ಟ. ಕರ್ರಗೆ, ಗುಂಡಗೆ, ಎಣ್ಣೆಯಲ್ಲಿ ಕರಿದ ವಡೆಯಂತಿತ್ತು. ಒತ್ತಿದರೆ ಮೆತ್ತಗೆ. "ಒಳಗಿನ ರಬ್ಬರೆಲ್ಲಾ ಹೋದುವು ಸಾರ್. ಪೈಪ್ ಸ್ಪಿರಿಟ್‌ನ್ಯಾಗ ತೊಳೀಬೇಕು. ಗಾಲಿ ಸಿಲಿಂಡರಿನ ಕಿಟ್ಟು, ರಬ್ಬರ್ ಹೋಸು ಹೊಸಪೇಟ್ಯಾಗ ಸಿಗ್ತಾವು. ಮಾಸ್ಟರ್ ಕಿಟ್ ಕಷ್ಟ. ಹುಡುಕ್ರಿ." ಕಪ್ಪನ್ನು ಪೇಪರಿನಲ್ಲಿ ಸುತ್ತಿ ನನ್ನ ಅಂಗಿಯ ಜೇಬಿಗೆ ಹಾಕಿದ. ಸ್ಯಾಂಪಲ್ಲು.

ಹಾಗೆ ಶುರುವಾಯಿತು ನನ್ನ ಪಂಚಕ್ಷೇತ್ರ ಯಾತ್ರೆ, ಕೆಂಪು ಬಸ್ಸಿನಲ್ಲಿ. ಕೂಡ್ಲಿಗಿಯಲ್ಲಿ ಇರುವ ನಾಲ್ಕು ಅಂಗಡಿ ಮೊದಲೇ ಮುಗಿದಿದ್ದವು, ಗುಜರಿಯವನೂ ಸೇರಿ. ಎಲ್ಲರದೂ ಒಂದೇ ಮಾತು: ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗ್ರಿ, ಇಲ್ಲಾಂದ್ರೆ ಕಲ್ಕತ್ತದ ಮಲ್ಲಿಕ್ ಬಜಾರಕ್ಕೆ ಹೋಗ್ರಿ. ಎರಡು ಇಂಚಿನೊಳಗಿನ ಒಂದು ರಬ್ಬರಿಗೆ ಕಲ್ಕತ್ತ! ಕಾಶಿಗೆ ಹೋದರೆ ಪುಣ್ಯವಾದರೂ ಬರುತ್ತದೆ.

ಕೊಟ್ಟೂರಿನಲ್ಲಿ ತೇರುಬೀದಿಯ ಹತ್ತಿರ ಒಂದು ಅಂಗಡಿ. ಅಂಗಡಿಯಾತ ಸ್ಯಾಂಪಲ್ಲನ್ನು ಮೂಸಿ ನೋಡಿ ತಲೆಯಾಡಿಸಿದ. "ಕಂಪನೀನ ಮಾರ್‍ಯಾರಲ್ರೀ." ಮಾರಿದ್ದು ಹೌದು. 2017ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪೂಜೋ ಕಂಪನಿಯವರು ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡರು. ಹೆಸರಿಗೆ 80 ಕೋಟಿ! ನನ್ನ ಹತ್ತಿರ ಹೆಸರು ಹೊತ್ತ ಗಾಡಿಯೇ ಇದೆ, ಕಪ್ಪೊಂದು ಇಲ್ಲ.

ಅದೇ ತಿಂಗಳು, 21ನೇ ತಾರೀಖು, ಇದೇ ಬೀದಿಯಲ್ಲಿ ಕೊಟ್ಟೂರೇಶ್ವರನ ತೇರು ವಾಲಿ ಬಿತ್ತು. ಸುಮಾರು 60 ಅಡಿಯ ತೇರು. ಕೆಲವರಿಗೆ ಪೆಟ್ಟಾಯಿತು, ಜೀವ ಹೋಗಲಿಲ್ಲ. ಸ್ವಾಮಿ ಕಾಪಾಡಿದ ಎಂದು ಊರವರು ಇವತ್ತಿಗೂ ಕೈ ಮುಗಿಯುತ್ತಾರೆ. ಅದಕ್ಕೂ ಮುಂಚೆ ಎಷ್ಟೋ ವರ್ಷ ಆ ತೇರನ್ನು ನಾನು ಕಂಡಿದ್ದೇನೆ. ಮಿಣಿ ಹಿಡಿದು ಎಳೆಯುವವರು ಸಾವಿರಾರು. ಉತ್ತತ್ತಿ, ಬಾಳೆಹಣ್ಣು ಎಸೆಯುವವರು ಲೆಕ್ಕವಿಲ್ಲ. ಎಲ್ಲರ ಮುಖವೂ ಮೇಲಕ್ಕೆ, ಕಳಸದ ಕಡೆಗೆ. ಕೆಳಗೆ, ಉರುಳುವ ಗಾಲಿಯ ಪಕ್ಕದಲ್ಲಿ, ಮರದ ದಪ್ಪ ತುಂಡು ಹಿಡಿದು ಬಾಗಿ ನಡೆಯುವವರು ನಾಲ್ಕೈದು ಜನ. ತೇರು ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಳಬೇಕು ಎನ್ನುವುದು ಅವರ ಕೈಯಲ್ಲಿ. ಗಾಲಿಯ ಹತ್ತಿರ ತುಂಡು ಒಡ್ಡಿ, ಕೈ ಸಿಕ್ಕಿಕೊಳ್ಳುವ ಮೊದಲೇ ಸರಕ್ಕನೆ ಎಳೆದುಕೊಳ್ಳಬೇಕು. ಅವರು ಕಳಸದ ಕಡೆ ತಲೆ ಎತ್ತಿದ್ದನ್ನು ನಾನು ನೋಡಿಲ್ಲ. ಅವರ ಮೇಲೆ ಯಾರೂ ಉತ್ತತ್ತಿ ಎಸೆದದ್ದನ್ನೂ ನೋಡಿಲ್ಲ. ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಮಂಡಕ್ಕಿ, ಮಿರ್ಚಿ ತಿನ್ನುವಾಗ ಇದೆಲ್ಲ ತಲೆಗೆ ಬಂತು. ಮಿರ್ಚಿಯ ಎಣ್ಣೆ ಜೇಬಿಗೆ ಇಳಿದು ಸ್ಯಾಂಪಲ್ಲು ಇನ್ನಷ್ಟು ಉಬ್ಬುತ್ತದೇನೋ ಎಂಬ ಹೆದರಿಕೆಯೂ ಬಂತು.

ಹಗರಿಬೊಮ್ಮನಹಳ್ಳಿ ಟ್ರ್ಯಾಕ್ಟರುಗಳ ಊರು. ತುಂಗಭದ್ರೆಯ ಹಿನ್ನೀರಿನ ಸೀಮೆ, ಬೆಳೆ ಇದೆ, ಬೆಳೆಯಿದ್ದಲ್ಲಿ ಟ್ರ್ಯಾಕ್ಟರು, ಟ್ರ್ಯಾಕ್ಟರಿದ್ದಲ್ಲಿ ರಿಪೇರಿ. ಅಂಗಡಿಯ ಹುಡುಗ ಸ್ಯಾಂಪಲ್ಲನ್ನು ಕೌಂಟರಿನ ಮೇಲಿಟ್ಟು, ಅದರ ಪಕ್ಕಕ್ಕೆ ಒಂದೊಂದೇ ಕಪ್ಪು ಇಟ್ಟು ತಾಳೆ ನೋಡಿದ. ಐದನೆಯದು ಅಳತೆಗೆ ಅಳತೆ ಕೂತಿತು. ಅಂಬಾಸಿಡರಿನದಲ್ಲ, ಯಾವುದೋ ಬೇರೆ ಗಾಡಿಯದು. "ಸೈಜ್ ಸೈಜೇ ಅಲ್ರೀ," ಅಂದ. ಖುಷಿಯಿಂದ ಚೌಕಾಸಿ ಮಾಡದೆ ಕೊಂಡು ತಂದೆ.

ಗ್ಯಾರೇಜಿನಲ್ಲಿ ಅದು ಸಿಲಿಂಡರಿನ ಬಾಯಿಗೇ ಹೋಗಲಿಲ್ಲ. ಮೇಸ್ತ್ರಿ ಸ್ಯಾಂಪಲ್ಲನ್ನೂ ಹೊಸದನ್ನೂ ಒಟ್ಟಿಗೆ ಹಿಡಿದು ನೋಡಿ ನಕ್ಕ. "ಸಾರ್, ಬಾತ ಕಾಲಿನ ಅಳತಿ ಕೊಟ್ಟು ಚಪ್ಪಲಿ ಹೊಲಿಸಿದಂಗಾತು." ಸರಿಯೇ ಅಲ್ಲವೇ? ಸ್ಯಾಂಪಲ್ಲು ಕೆಟ್ಟದ್ದೇ ಉಬ್ಬಿ. ಉಬ್ಬಿದ್ದನ್ನು ಅಳತೆಗೋಲು ಮಾಡಿಕೊಂಡು ಎರಡು ಊರು ಅಲೆದಿದ್ದೆ. ಅಳೆಯಬೇಕಾದ್ದು ರಬ್ಬರನ್ನಲ್ಲ, ಸಿಲಿಂಡರಿನ ಒಳಮೈಯನ್ನು. ಮನೆಗೆ ಹೋಗಿ, ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲಿನ ಜೊತೆ ಕೊಟ್ಟಿದ್ದ ವರ್ನಿಯರ್ ಕ್ಯಾಲಿಪರ್ಸ್ ತಂದೆ. ಅಳೆದು ಚೀಟಿಯಲ್ಲಿ ಬರೆದೆ. ಆ ಉಪಕರಣವನ್ನು ಪರೀಕ್ಷೆಗಲ್ಲದೆ ಕೆಲಸಕ್ಕೆ ಬಳಸಿದ್ದು ಅದೇ ಮೊದಲು.

ಚೀಟಿ ಹಿಡಿದು ಹರಪನಹಳ್ಳಿಗೆ ಹೋದೆ. ಅಲ್ಲೊಂದು ಹಳೆಯ ಅಂಗಡಿ, ನನಗಿಂತ ಹತ್ತು ವರ್ಷ ಹಿರಿಯರು ಯಜಮಾನರು. ಏಣಿ ಹಾಕಿ ಅಟ್ಟದಿಂದ ರಟ್ಟಿನ ಡಬ್ಬಿ ಇಳಿಸಿದರು. ಮೇಲೆ ಹಳದಿಗಟ್ಟಿದ ಲೇಬಲ್ಲು, ಒಳಗೆ ಎಣ್ಣೆ ಕಾಗದ, ಕಾಗದದಲ್ಲಿ ಕಪ್ಪು. ಎಲ್ಲ ಅಂಬಾಸಿಡರಿನದೇ. ಎಷ್ಟು ವರ್ಷದ್ದು ಎಂದು ಕೇಳಿದೆ. "ನಮ್ಮೂರು ಬಳ್ಳಾರಿ ಜಿಲ್ಲಾದಾಗಿದ್ದಾಗಿನದು," ಅಂದರು. ಯಾವಾಗಿನ ಬಳ್ಳಾರಿ? 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಚ್ಚಿ ಹೊಸ ದಾವಣಗೆರೆ ಜಿಲ್ಲೆಗೆ ಜೋಡಿಸಿದರು. ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಸೀಮೆಗೆ ಸಂವಿಧಾನದ 371ಜೆ ಕಲಮಿನಿಂದ ಸಿಗುವ ಸವಲತ್ತು ತಪ್ಪಿತೆಂದು ಜನ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಕೂಡಿಸಿಕೊಂಡರು. 2021ರಲ್ಲಿ ಅಲ್ಲಿಂದಲೂ ಬಿಚ್ಚಿ ವಿಜಯನಗರಕ್ಕೆ. "ನಮ್ಮ ಊರನ್ನ ಮೂರು ಗಾಡಿಗೆ ಹಾಕಿ ನೋಡ್ಯಾರ. ಯಾವುದಕ್ಕ ಕೂಡ್ತೈತೋ ನೋಡೋಣ," ಎಂದು ಯಜಮಾನರು ಎಲೆಯಡಿಕೆಯ ಚೀಲ ಬಿಚ್ಚಿದರು.

ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಂದೆ. ಮೇಸ್ತ್ರಿ ಕಪ್ಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಸ್ವಲ್ಪ ಹಿಸುಕಿದ. ಅಂಚು ಹಪ್ಪಳದಂತೆ ಸೀಳಿತು. ರಬ್ಬರಿಗೂ ಆಯುಸ್ಸಿದೆ, ಪೆಟ್ಟಿಗೆಯಲ್ಲಿ ಮಲಗಿದ್ದರೂ ಮುಪ್ಪು ಬಿಡುವುದಿಲ್ಲ. "ಹಂಪಿ," ಅಂದ ಮೇಸ್ತ್ರಿ. ಯಜಮಾನರು ಫೋನಿನಲ್ಲಿ ವಿಷಯ ಕೇಳಿ ಹಣ ವಾಪಸು ಕೊಡುತ್ತೇನೆಂದರು. ಬೇಡವೆಂದೆ. ಆ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ, ಗುಂಡುಸೂಜಿ ಹಾಕಿಡಲು.

ಉಳಿದದ್ದು ಹಡಗಲಿ. ಅಲ್ಲಿಗೆ ನಾನು ಹೋದದ್ದು ಕಿಟ್ಟಿಗಾಗಿ ಅಲ್ಲ, ಹೆಂಡತಿಯ ಚಿಕ್ಕಪ್ಪನ ಮನೆಯ ಸಣ್ಣದೊಂದು ಕಾರ್ಯಕ್ಕೆ. ಚಿಕ್ಕಪ್ಪ ಮಲ್ಲಿಗೆ ಬೆಳೆಯುವವರು. ಹೂವಿನ ಹಡಗಲಿಯ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಯ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದು ಅವರಿಗೆ ಗೊತ್ತು, ಹೂವಿಗೆ ಧಾರಣೆ ಸಿಕ್ಕಿತೇ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತು. ಮೈಲಾರಲಿಂಗನ ಒಕ್ಕಲು ಬೇರೆ. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಲಕ್ಷಾಂತರ ಜನ ಗಪ್ಪಾಗುತ್ತಾರೆ. ಆಮೇಲೆ ಒಂದೇ ಒಂದು ಮಾತು, ಅಷ್ಟೇ, ಮೇಲಿಂದ ಕೈ ಬಿಟ್ಟು ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಮಾತನ್ನು ಮಳೆಗೆ, ಬೆಳೆಗೆ, ವಿಧಾನಸೌಧಕ್ಕೆ ಹೊಂದಿಸಿಕೊಂಡು ವರ್ಷಪೂರ್ತಿ ಅರ್ಥ ಮಾಡುವುದು ನಮ್ಮ ಕೆಲಸ. ನನ್ನ ಕಥೆಯನ್ನೆಲ್ಲ ಕೇಳಿದ ಚಿಕ್ಕಪ್ಪ ಗೊರವಯ್ಯನ ಗತ್ತಿನಲ್ಲಿ ಹೇಳಿದರು: "ಹೂವಿನ ಬುಟ್ಟಿ ಖಾಲಿ ಬರ್ತೈತಲೇ."

ಅರ್ಥ ಅವರೇ ಬಿಡಿಸಿದರು. ದಿನಾ ಇವರ ಹೂವು ಬಸ್ಸಿನಲ್ಲಿ ದಾವಣಗೆರೆಗೆ ಹೋಗುತ್ತದೆ, ಬುಟ್ಟಿ ಖಾಲಿ ಬರುತ್ತದೆ. ಹೂವು ಇಳಿಸಿಕೊಳ್ಳುವ ಹುಡುಗನ ಅಣ್ಣನಿಗೆ ಟ್ಯಾಕ್ಸಿಯವರ ಪರಿಚಯ, ಅವರಲ್ಲಿ ಇನ್ನೂ ಒಬ್ಬರು ಅಂಬಾಸಿಡರ್ ಇಟ್ಟುಕೊಂಡಿದ್ದಾರೆ. ಅವರು ಕಿಟ್ಟು ಎಲ್ಲಿಂದ ತರಿಸುತ್ತಾರೋ ಅಲ್ಲಿಂದಲೇ ನಮಗೂ. ಚೀಟಿಯನ್ನು ಮಲ್ಲಿಗೆಯ ಮೇಲಿಟ್ಟು ಕಳಿಸಿದೆವು. ಮೂರನೆಯ ದಿನ ಡ್ರೈವರ್ ಕೈಯಿಂದ ಡ್ರೈವರ್ ಕೈಗೆ ದಾಟಿ ಒಂದು ಪೊಟ್ಟಣ ಕೂಡ್ಲಿಗಿ ಬಸ್ ಸ್ಟ್ಯಾಂಡಿಗೆ ಬಂತು. ಹೊಸ ರಬ್ಬರು, ಸರಿಯಾದ ಅಳತೆ. ಮಡಿಕೆಯಲ್ಲಿ ಎರಡು ಬಾಡಿದ ಮೊಗ್ಗು. ಗ್ಯಾರೇಜಿನಲ್ಲಿ ಪೊಟ್ಟಣ ಬಿಚ್ಚಿದಾಗ ಗ್ರೀಸು, ಡೀಸೆಲ್ಲಿನ ನಡುವೆ ಘಮ್ಮೆಂದಿತು. ಮೇಸ್ತ್ರಿ ಕಪ್ಪನ್ನು ಮೂಗಿಗೆ ಹಿಡಿದು, "ಇದನ್ನ ಬ್ರೇಕಿಗೆ ಹಾಕ್ಲೋ, ಅಮ್ಮಾರಿಗೆ ಮುಡಿಸ್ತೀರೋ?" ಅಂದ.

ಜೋಡಿಸಿದ ಮೇಲೆ ಏರ್ ತೆಗೆಯಬೇಕು. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಒಂದು ಗುಳ್ಳೆ ಉಳಿದರೂ ಪೆಡಲು ಸ್ಪಂಜಿನಂತಾಗುತ್ತದೆ. ಪೆಡಲಿಗೆ ಹೆಂಡತಿಯನ್ನು ಕೂರಿಸಿದೆವು. ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡಗಾಲಿಯಿಂದ ಶುರು. ನಿಪ್ಪಲಿಗೆ ಸಣ್ಣ ಪೈಪು, ಪೈಪಿನ ತುದಿ ಬಾಟ್ಲಿಯಲ್ಲಿ, ಬಾಟ್ಲಿ ನನ್ನ ಕೈಯಲ್ಲಿ.

"ಒತ್ರಿ ಅಮ್ಮಾರೆ. ಹಿಡೀರಿ. ಬಿಡಬ್ಯಾಡ್ರಿ." ನಿಪ್ಪಲ್ ಸಡಿಲಿಸಿದ, ಬಾಟ್ಲಿಯಲ್ಲಿ ಗುಳಗುಳ ಗುಳ್ಳೆ. ಬಿಗಿ ಮಾಡಿದ. "ಈಗ ಬಿಡ್ರಿ." ಮತ್ತೆ ಒತ್ರಿ, ಹಿಡೀರಿ, ಬಿಡ್ರಿ. ಹನ್ನೆರಡು ಸಲ ಆದ ಮೇಲೆ ಹೆಂಡತಿ ಒಳಗಿಂದಲೇ ಕೇಳಿದಳು: "ಇಷ್ಟು ವರ್ಷದಾಗ ಇವ್ರ ಮಾತು ಕೇಳಿ ಇಷ್ಟು ಸಲ ಹಿಡಿದಿಲ್ಲ, ಬಿಟ್ಟಿಲ್ಲ. ಇನ್ನೂ ಎಷ್ಟು?" ಗುಳ್ಳೆ ನಿಲ್ಲುವವರೆಗೆ. ಕೊನೆಗೆ ಬಾಟ್ಲಿಯೊಳಗೆ ಬರೀ ತಿಳಿಯಾದ ಎಳೆ ಇಳಿಯಿತು. ನಾಲ್ಕನೇ ಗಾಲಿ ಮುಗಿಯುವಾಗ ಪೆಡಲು ಅರ್ಧದಲ್ಲಿ ಕಲ್ಲಿನಂತೆ ನಿಂತಿತು. "ಆತು, ಇನ್ನ ಹೋಗಂಗಿಲ್ಲ ಇದು," ಎಂದಳು ಅವಳು, ಕಾಲು ತೆಗೆಯದೆ.

ಅದೇ ಏರಿ, ಅದೇ ಇಳಿಜಾರು. ಈ ಸಲ ಕುರಿಗಳಿರಲಿಲ್ಲ, ನಾನೇ ಸುಮ್ಮನೆ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಮುಂದಕ್ಕೆ ತೂಗಿ, ಹಿಂದಕ್ಕೆ ಒರಗಿ. ಪೊದೆಯಲ್ಲಿ ನಮ್ಮ ಬಂಪರಿನ ಅಗಲಕ್ಕೆ ಬಿದ್ದ ಗವಿ ಇನ್ನೂ ಹಾಗೇ ಇತ್ತು, ಅಂಚಿನಲ್ಲಿ ಆಗಲೇ ಹೊಸ ಚಿಗುರು. ಅತ್ತೆ ಬಂದಿರಲಿಲ್ಲ. ಅವರು ಬಸ್ಸಿನಲ್ಲಿ ಮುಂದೆ ಹೋಗಿದ್ದರು, ಡಬ್ಬಿಯ ಸಮೇತ.

ಸ್ಯಾಂಪಲ್ಲನ್ನು ಬಿಸಾಡಲು ಮನಸ್ಸಾಗದೆ ಶೆಡ್ಡಿನ ಕಟ್ಟೆಯ ಮೇಲೆ ಇಟ್ಟಿದ್ದೆ. ಮೊನ್ನೆ ಗ್ಯಾರೇಜಿನ ಹುಡುಗ ಬಂದವನು ಅದನ್ನು ಎತ್ತಿಕೊಂಡು, ಮುಚ್ಚಳವಿಲ್ಲದ ಆ ಇಂಜಿನ್ ಆಯಿಲಿನ ಬಾಟ್ಲಿಯ ಬಾಯಿಗೆ ಒತ್ತಿ ನೋಡಿದ. ಸರಿಯಾಗಿ ಕೂತಿತು. ಬಾಟ್ಲಿಯನ್ನು ತಲೆಕೆಳಗು ಮಾಡಿ ಅಲುಗಾಡಿಸಿದ, ಒಂದು ಹನಿ ಬೀಳಲಿಲ್ಲ. ಬಾಟ್ಲಿಯ ಮೇಲೆ ಅವನ ಕೈಲೇ ಸೀಮೆಸುಣ್ಣದಿಂದ ಬರೆಸಿದ್ದೇನೆ: "ಬ್ರೇಕಿಗಲ್ಲ."